ವಂತಿಗೆ ಸರಿ, ಕಾವಲು ಏಕೆ?

“ಐದು ಲಕ್ಷ ರೂಪಾಯಿವರೆಗೆ ಪುಕ್ಕಟೆ ಚಿಕಿತ್ಸೆ ಬೇಕು, ಆಧಾರ್ ಮಾತ್ರ ಕೇಳಬಾರದು ಅಂದರೆ ಹೇಗೆ ಸ್ವಾಮಿ?” ಸರ್ಕಾರಿ ಆರೋಗ್ಯ ಯೋಜನೆಗಳ ಮಾತು ಎದ್ದಲ್ಲೆಲ್ಲ ಈ ಪ್ರಶ್ನೆಯೂ ಏಳುತ್ತದೆ. ಕೇಳುವವರು ದಡ್ಡರಲ್ಲ, ಕೆಟ್ಟವರೂ ಅಲ್ಲ. ನಿವೃತ್ತ ಅಧಿಕಾರಿಗಳು, ವೈದ್ಯರು, ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ಹುಡುಗರು, ಬಡವರಿಗೆ ಒಳ್ಳೆಯದಾಗಲಿ ಎಂದು ಮನಸಾರೆ ಬಯಸುವವರು. ದುಡ್ಡು ಸಾರ್ವಜನಿಕರದ್ದು, ಕಳ್ಳ ಬಿಲ್ಲು ತಡೆಯಬೇಕು, ಅದಕ್ಕಾಗಿ ಯಾರು ಬಂದರು, ಏನು ಕಾಯಿಲೆ, ಯಾವ ಔಷಧ ಕೊಟ್ಟರು ಎಂಬುದೆಲ್ಲ ಒಂದು ಸಂಖ್ಯೆಯಡಿ ದಾಖಲಾಗಬೇಕು ಎನ್ನುವುದು ಅವರ ವಾದ. ಮುಚ್ಚಿಡುವಂಥದ್ದು ಏನೂ ಇಲ್ಲದವನು ಇದಕ್ಕೆ ಯಾಕೆ ಹೆದರಬೇಕು ಎಂದು ಕೊನೆಗೊಂದು ಮಾತು ಸೇರಿಸುತ್ತಾರೆ.

ಇವರಿಗೆ ಎದುರಾಗಿ ಇನ್ನೊಂದು ಗುಂಪಿದೆ. ನಮ್ಮಲ್ಲಿ ಚಿಕ್ಕದು, ಅಮೆರಿಕದಲ್ಲಿ ದೊಡ್ಡದು. ಸರ್ಕಾರ ಆರೋಗ್ಯ ವಿಮೆಗೆ ಕೈ ಹಾಕಿತು ಅಂದರೆ ವ್ಯಕ್ತಿಯ ಸ್ವಾತಂತ್ರ್ಯ ಹೋಯಿತು, ನನ್ನ ಮೈ ನನ್ನ ಪಾಡು, ವಂತಿಗೆ ಕೊಡೆಂದು ನನ್ನನ್ನು ಒತ್ತಾಯಿಸಲು ನೀನ್ಯಾರು ಎಂದು ಕೇಳುವವರು ಇವರು.

ಎರಡು ಗುಂಪುಗಳೂ ದಿನವೂ ಜಗಳವಾಡುತ್ತಿದ್ದರೂ ಒಂದು ವಿಷಯದಲ್ಲಿ ಒಪ್ಪಿಬಿಟ್ಟಿವೆ. ಸರ್ಕಾರದ ಆರೋಗ್ಯ ರಕ್ಷಣೆ ಬಂದರೆ ಅದರ ಬೆನ್ನಿಗೇ ಸರ್ಕಾರದ ಕಣ್ಣೂ ಬರುತ್ತದೆ ಎಂದು ಇಬ್ಬರೂ ನಂಬಿದ್ದಾರೆ. ಎರಡನ್ನೂ ಒಪ್ಪಿಕೊಳ್ಳಿ ಎನ್ನುತ್ತಾರೆ ಮೊದಲಿನವರು, ಎರಡನ್ನೂ ಬಿಡಿ ಎನ್ನುತ್ತಾರೆ ಎರಡನೆಯವರು. ನಾನು ಇಬ್ಬರಿಗೂ ವಿರುದ್ಧ. ಎಲ್ಲರಿಂದಲೂ ಕಡ್ಡಾಯವಾಗಿ ದುಡ್ಡು ಕೂಡಿಸಿ ಕಾಯಿಲೆ ಬಿದ್ದವರಿಗೆ ಚಿಕಿತ್ಸೆ ಕೊಡಿಸುವುದು ಸರ್ಕಾರದ ಕರ್ತವ್ಯ. ಆ ನೆಪದಲ್ಲಿ ಪ್ರತಿಯೊಬ್ಬರ ಮೈಯ ಲೆಕ್ಕ ಬರೆದಿಟ್ಟುಕೊಳ್ಳುವುದು ಅತಿಕ್ರಮಣ. ಮೊದಲನೆಯದಕ್ಕೆ ಎರಡನೆಯದು ಬೇಕೇ ಬೇಕು ಅನ್ನುವುದು ಸುಳ್ಳು, ಮತ್ತು ಆ ಸುಳ್ಳಿಗೆ ನಮ್ಮ ಚರಿತ್ರೆಯೇ ಸಾಕ್ಷಿ.

ಕಡ್ಡಾಯ ಆರೋಗ್ಯ ವಿಮೆ ನಮಗೆ ಹೊಸದಲ್ಲ. ಸಂವಿಧಾನ ಜಾರಿಗೆ ಬರುವುದಕ್ಕೂ ಮೊದಲೇ, 1948ರಲ್ಲಿ, ಕಾರ್ಮಿಕರ ರಾಜ್ಯ ವಿಮಾ (ಇಎಸ್‌ಐ) ಕಾಯಿದೆ ಬಂತು. 1952ರಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಶುರುವಾಯಿತು. ಪೀಣ್ಯದ ಕಾರ್ಖಾನೆಯಲ್ಲೋ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲೋ ಹನ್ನೆರಡು ಸಾವಿರ ಸಂಬಳ ಪಡೆಯುವ ಹೆಣ್ಣುಮಗಳ ಸಂಬಳದ ಚೀಟಿ ನೋಡಿ: ಇಎಸ್‌ಐ ಕಾಲಮಿನಲ್ಲಿ ತೊಂಬತ್ತು ರೂಪಾಯಿ ಕಡಿತ. ಸಂಬಳದ ಶೇ 0.75. ಮಾಲೀಕ ಅದರ ಮೇಲೆ ಶೇ 3.25, ಅಂದರೆ 390 ರೂಪಾಯಿ ಹಾಕುತ್ತಾನೆ. ಆಕೆಯನ್ನು ಯಾರೂ ಒಪ್ಪಿಗೆ ಕೇಳಿಲ್ಲ, ಮಾಲೀಕನನ್ನೂ ಕೇಳಿಲ್ಲ. ಸ್ವಾತಂತ್ರ್ಯಕ್ಕೆ ಧಕ್ಕೆಯಾಯಿತೆಂದು ಯಾವ ಕಾರ್ಮಿಕ ಸಂಘವೂ ಇದರ ವಿರುದ್ಧ ಬಾವುಟ ಹಿಡಿದದ್ದು ನನಗೆ ತಿಳಿದಿಲ್ಲ. ಸಂಘಗಳು ಹೆಚ್ಚಾಗಿ ಹೋರಾಡಿದ್ದು ವಂತಿಗೆ ಮುರಿಯುವುದನ್ನು ನಿಲ್ಲಿಸಿ ಎಂದಲ್ಲ, ಆಸ್ಪತ್ರೆಯಲ್ಲಿ ಔಷಧ ಇಡಿ, ಡಾಕ್ಟರನ್ನು ಕೊಡಿ ಎಂದು. ಇವತ್ತು ಮೈ ಗಟ್ಟಿ ಇದ್ದವಳ ತೊಂಬತ್ತು ರೂಪಾಯಿ ಇನ್ನೊಬ್ಬಳ ಡಯಾಲಿಸಿಸ್‌ಗೆ ಹೋಗುತ್ತದೆ, ನಾಳೆ ಇವಳ ಹೆರಿಗೆಗೆ ಅವಳದ್ದು ಬರುತ್ತದೆ. ಈ ಯೋಜನೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಯಾರ ಹೆಬ್ಬೆಟ್ಟನ್ನೂ ಯಂತ್ರಕ್ಕೆ ಒತ್ತಿಸದೆ, ಒಂದು ವಿಮಾ ಸಂಖ್ಯೆ ಮತ್ತು ಚೀಟಿಯ ಮೇಲೆ ನಡೆಯಿತು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಸಾಲುಗಳ ಬಗ್ಗೆ ಬೈಯುವುದಕ್ಕೆ ನೂರು ಕಾರಣಗಳಿದ್ದವು. ರೋಗಿಯ ಗುರುತು ಸಿಗದೆ ಯೋಜನೆ ಕುಸಿಯಿತು ಅನ್ನುವುದು ಆ ನೂರರಲ್ಲಿ ಇರಲಿಲ್ಲ.

ನಮ್ಮದೇ ಯಶಸ್ವಿನಿಯನ್ನು ನೆನೆಯಿರಿ. 2003ರಲ್ಲಿ ಕರ್ನಾಟಕದ ಸಹಕಾರ ಸಂಘಗಳ ರೈತರಿಗಾಗಿ ಶುರುವಾದ ಯೋಜನೆ. ಸದಸ್ಯ ಕೊಡಬೇಕಾದದ್ದು ತಿಂಗಳಿಗೆ ಐದು ರೂಪಾಯಿ. ಡಾ. ದೇವಿ ಶೆಟ್ಟಿಯವರ ಹೆಸರು ಇದರ ಜೊತೆ ಸೇರಿದ್ದರಿಂದ ದೇಶವೆಲ್ಲ ತಿರುಗಿ ನೋಡಿತು. ಆಧಾರ್ ಎಂಬ ಹೆಸರು ಇನ್ನೂ ಹುಟ್ಟಿರದ ಕಾಲದಲ್ಲಿ ಲಕ್ಷಾಂತರ ರೈತ ಕುಟುಂಬಗಳಿಗೆ ಹೃದಯದ ಶಸ್ತ್ರಚಿಕಿತ್ಸೆ ಕೈಗೆಟುಕುವಂತಾಯಿತು. ಇವನು ನಮ್ಮ ಊರಿನವನೇ ಹೌದು ಎಂದು ಹೇಳುತ್ತಿದ್ದವನು ಹಾಲಿನ ಡೇರಿಯ ಕಾರ್ಯದರ್ಶಿ. ಅವನಿಗೆ ಆ ರೈತನ ಹಸು ಎಷ್ಟು ಲೀಟರ್ ಕರೆಯುತ್ತದೆ ಅಂತ ಗೊತ್ತಿತ್ತು. ರೈತನ ಹೆಂಡತಿಗೆ ಯಾವ ಮಾತ್ರೆ ಬರೆದಿದ್ದಾರೆ ಅಂತ ಗೊತ್ತಿರಬೇಕಾದ ಅಗತ್ಯವಿರಲಿಲ್ಲ.

ಅಮೆರಿಕದ ಕತೆ ಇದಕ್ಕೆ ತಿರುಗುಮುರುಗು. 2010ರ ಆರೋಗ್ಯ ಕಾಯಿದೆ ಎಲ್ಲರೂ ವಿಮೆ ಮಾಡಿಸಲೇಬೇಕು, ಮಾಡಿಸದಿದ್ದರೆ ದಂಡ ಕಟ್ಟಬೇಕು ಎಂದಿತು. ದೇಶ ಹೊತ್ತಿ ಉರಿಯಿತು. 2012ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ವಾದದ ವೇಳೆ ನ್ಯಾಯಮೂರ್ತಿ ಸ್ಕಾಲಿಯಾ, ಹಾಗಾದರೆ ಸರ್ಕಾರ ನಾಳೆ ಬ್ರಾಕೊಲಿ ಕೊಳ್ಳಿ ಎಂದೂ ಒತ್ತಾಯಿಸಬಹುದಲ್ಲ ಎಂಬರ್ಥದ ಪ್ರಶ್ನೆ ಎತ್ತಿದರು. ಆ ವರ್ಷದ ಜೂನ್ 28ರಂದು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್, ಇದೊಂದು ತೆರಿಗೆ, ತೆರಿಗೆ ಹಾಕುವ ಅಧಿಕಾರ ಸಂಸತ್ತಿಗಿದೆ ಎಂದು ಒಂದೇ ಮತದ ಅಂತರದಲ್ಲಿ ಕಾಯಿದೆಯನ್ನು ಉಳಿಸಿದರು. ಮರುವರ್ಷ ಎಡ್ವರ್ಡ್ ಸ್ನೋಡೆನ್ ಬಯಲಿಗಿಟ್ಟ ಕಾಗದಗಳಿಂದ, ವೆರೈಜನ್ ಗ್ರಾಹಕರ ಫೋನ್ ಕರೆಗಳ ದಾಖಲೆ ರಹಸ್ಯ ಆದೇಶವೊಂದರ ಮೇಲೆ ದಿನವೂ ಸರ್ಕಾರಕ್ಕೆ ಹೋಗುತ್ತಿತ್ತು ಎಂದು ತಿಳಿಯಿತು. ಯಾವುದರ ಮೇಲೆ ಹೆಚ್ಚು ಸಿಟ್ಟು ಬರಬೇಕಿತ್ತು? ಬಂದದ್ದು ಯಾವುದರ ಮೇಲೆ? 2017ರ ಡಿಸೆಂಬರ್ 22ರಂದು ಸಹಿಯಾದ ತೆರಿಗೆ ಕಾಯಿದೆ ವಿಮೆಯ ದಂಡವನ್ನು ಸೊನ್ನೆಗೆ ಇಳಿಸಿತು. ಸ್ವಾತಂತ್ರ್ಯ ಗೆದ್ದಿತು ಎಂದು ಹಬ್ಬ ಮಾಡಿದರು. ತಿಂಗಳು ತುಂಬುವ ಮೊದಲೇ, 2018ರ ಜನವರಿ 19ರಂದು, ಅದೇ ಸಂಸತ್ತು, ಅದೇ ಅಧ್ಯಕ್ಷರು ಸೇರಿ ಹೊರದೇಶದವರ ಸಂಪರ್ಕಗಳನ್ನು ವಾರಂಟ್ ಇಲ್ಲದೆ ಸೋಸುವ, ವಿದೇಶಿ ಗುಪ್ತಚರ ಕಾಯಿದೆಯ 702ನೇ ಸೆಕ್ಷನ್ನಿಗೆ ಇನ್ನೂ ಆರು ವರ್ಷ ಆಯುಷ್ಯ ಕೊಟ್ಟರು. ಗುರಿ ಹೊರದೇಶದವರು ಅಂತ ಹೇಳುತ್ತಾರೆ. ಆದರೆ ಅವರೊಂದಿಗೆ ಮಾತಾಡಿದ ಅಮೆರಿಕದವರ ಮಾತೂ ಅದೇ ಬಲೆಗೆ ಬೀಳುತ್ತದೆ. ಹೊರದೇಶದವರು ಅಂದರೆ ಯಾರು? ಹಾಸನದಲ್ಲಿ ಕೂತು ನ್ಯೂಜೆರ್ಸಿಯ ಮಗನಿಗೆ ಮೇಲ್ ಬರೆಯುವ ಅಪ್ಪನೂ ಆ ಕಾಯಿದೆಯ ಕಣ್ಣಲ್ಲಿ ಹೊರದೇಶದವನೇ. ಜೇಬಿನ ಸ್ವಾತಂತ್ರ್ಯಕ್ಕೆ ಎದೆ ಬಡಿದುಕೊಂಡು ಮನೆಯ ಮಾತಿನ ಸ್ವಾತಂತ್ರ್ಯವನ್ನು ಸುಮ್ಮನೆ ಒಪ್ಪಿಸಿದ ಈ ಸ್ವಾತಂತ್ರ್ಯವಾದಿಗಳನ್ನು ಮಾದರಿಯೆಂದು ನಮ್ಮ ಕೆಲವು ಅಂಕಣಕಾರರು ಇಲ್ಲಿಗೂ ಕರೆತರುತ್ತಾರೆ. ಬೇಡ.

ಈಗ ನಮ್ಮ ಕಡೆಗೆ ಬರೋಣ.

2022ರ ನವೆಂಬರ್ ಮೊದಲ ವಾರ. ತುಮಕೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದ, ಹೊರರಾಜ್ಯದಿಂದ ಬಂದ ಒಬ್ಬ ಬಡ ಗರ್ಭಿಣಿಗೆ ರಾತ್ರಿ ನೋವು ಕಾಣಿಸಿಕೊಂಡಿತು. ಅಕ್ಕಪಕ್ಕದವರು ದುಡ್ಡು ಕೂಡಿಸಿ ಆಟೊದಲ್ಲಿ ಜಿಲ್ಲಾಸ್ಪತ್ರೆಗೆ ಕಳಿಸಿದರು. ಅಲ್ಲಿ ಆಕೆಯನ್ನು ಕೇಳಿದ್ದು ಆಧಾರ್ ಮತ್ತು ತಾಯಿ ಕಾರ್ಡ್. ಎರಡೂ ಇರಲಿಲ್ಲ. ಬೆಂಗಳೂರಿಗೆ ಹೋಗಿ ಎಂದು ವಾಪಸು ಕಳಿಸಿದರು ಎಂದು ಆಮೇಲೆ ನೆರೆಯವರು ಹೇಳಿದರು. ಬೆಂಗಳೂರು ಎಪ್ಪತ್ತು ಕಿಲೋಮೀಟರ್. ಆಕೆಯ ಕೈಯಲ್ಲಿ ದುಡ್ಡಿರಲಿಲ್ಲ. ಮನೆಗೆ ಹೋದಳು. ಬೆಳಗಾಗುವುದರಲ್ಲಿ ಹೆರಿಗೆಯಾಗಿ ಆಕೆಯೂ ಹುಟ್ಟಿದ ಅವಳಿ ಮಕ್ಕಳೂ ಸತ್ತರು. ವೈದ್ಯೆ, ಶುಶ್ರೂಷಕಿಯರು ಅಮಾನತಾದರು. ಪತ್ರಿಕೆಗಳು ಎರಡು ದಿನ ಬರೆದವು.

ಗುರುತಿನ ಪಕ್ಷದವರು ಆಗ ಹೇಳಿದ್ದನ್ನು ಈಗಲೂ ಹೇಳುತ್ತಾರೆ: ಅದು ಸಿಬ್ಬಂದಿಯ ತಪ್ಪು, ವ್ಯವಸ್ಥೆಯದಲ್ಲ, ತುರ್ತು ಸ್ಥಿತಿಯಲ್ಲಿ ಕಾರ್ಡ್ ಕೇಳಬೇಕೆಂದು ಯಾವ ಸುತ್ತೋಲೆಯೂ ಹೇಳಿಲ್ಲ. ನಿಜ, ಹೇಳಿಲ್ಲ. ಸುಪ್ರೀಂ ಕೋರ್ಟು 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ, ಜೀವ ಉಳಿಸುವುದು ಮೊದಲು, ಉಳಿದ ವಿಧಿವಿಧಾನ ಆಮೇಲೆ ಎಂದಿತ್ತು. ಆಧಾರ್ ಕಾಯಿದೆಯ 7ನೇ ಸೆಕ್ಷನ್ ಕೂಡ ಸಂಖ್ಯೆ ಸಿಗದವರಿಗೆ ಬೇರೆ ಗುರುತು ನಡೆಯುತ್ತದೆ ಎನ್ನುತ್ತದೆ. ಹಾಗಾದರೆ ರಾತ್ರಿ ಪಾಳಿಯ ದಾದಿಯ ಬಾಯಲ್ಲಿ ಮೊದಲ ಮಾತಾಗಿ “ಕಾರ್ಡ್ ಎಲ್ಲಿ?” ಎಂಬುದು ಬಂದದ್ದು ಎಲ್ಲಿಂದ? ವರ್ಷಗಟ್ಟಲೆ ಪ್ರತಿ ಪರಿಶೀಲನಾ ಸಭೆಯಲ್ಲೂ ಎಷ್ಟು ಕಾರ್ಡ್ ಲಿಂಕ್ ಆಯಿತು, ಎಷ್ಟು ಬಾಕಿ ಎಂದು ಕೇಳಿ ಕೇಳಿ, ಪೋರ್ಟಲಿಗೆ ಹೋಗದ ರೋಗಿ ಲೆಕ್ಕಕ್ಕೇ ಬರದ ರೋಗಿ ಎಂದು ಕೆಳಗಿನ ಸಿಬ್ಬಂದಿಗೆ ಪಾಠ ಕಲಿಸಿದ್ದು ವ್ಯವಸ್ಥೆಯೇ. ಸುತ್ತೋಲೆಯಲ್ಲಿ ಮನುಷ್ಯತ್ವ, ಟಾರ್ಗೆಟ್ಟಿನಲ್ಲಿ ಕಾರ್ಡು. ಸಂಬಳ ತಡೆಹಿಡಿಯುವುದು ಯಾವುದನ್ನು ನೋಡಿ ಎಂದು ಸಿಬ್ಬಂದಿಗೆ ಚೆನ್ನಾಗಿ ಗೊತ್ತು.

ಇನ್ನು ಆಭಾ ಎಂಬ ಆರೋಗ್ಯ ಖಾತೆ ಸಂಖ್ಯೆ. ಹದಿನಾಲ್ಕು ಅಂಕಿಗಳದು. 2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ ಕೂಸು. ಎಪ್ಪತ್ತು ಕೋಟಿಗೂ ಹೆಚ್ಚು ಜನರ ಹೆಸರಿನಲ್ಲಿ ಈ ಸಂಖ್ಯೆ ಆಗಿದೆ, ಅದೂ “ಸ್ವಯಂಪ್ರೇರಿತ”ವಾಗಿ. ಆ ಪ್ರೇರಣೆ ಹೇಗಿರುತ್ತದೆಂದು ತಾಲ್ಲೂಕು ಆಸ್ಪತ್ರೆಯೊಂದರ ಚೀಟಿ ಮಾಡಿಸುವ ಸಾಲಿನಲ್ಲಿ ನಿಂತಿದ್ದಾಗ ನೋಡಿದೆ. ನನ್ನ ಮುಂದಿದ್ದ ಅಜ್ಜಿಯ ಆಧಾರ್ ಕಾರ್ಡನ್ನು ಕೌಂಟರಿನ ಹುಡುಗ ತೆಗೆದುಕೊಂಡು ಕಂಪ್ಯೂಟರಿಗೆ ಹೊಡೆದ.

“ಅಜ್ಜೀ, ಓಟಿಪಿ ಬಂತಾ?”

“ಅದು ನಮ್ ಮೊಮ್ಮಗನ ಫೋನಿಗೆ ಹೋಯ್ತದೆ ಕಣಪ್ಪ. ಅವ ಬೆಂಗ್ಳೂರಲ್ಲವ್ನೆ.”

“ಅವರಿಗೆ ಫೋನ್ ಮಾಡಿ ಕೇಳಿ. ಇಲ್ಲಾಂದ್ರೆ ಆಭಾ ಆಗಲ್ಲ. ಪಕ್ಕಕ್ಕೆ ನಿಂತ್ಕಳಿ.”

ಮೊಮ್ಮಗ ಪಾಳಿಯಲ್ಲಿದ್ದ, ಫೋನ್ ಎತ್ತಲಿಲ್ಲ. ಅಜ್ಜಿ ಸೆರಗಿನ ತುದಿಯಲ್ಲಿ ಮಡಿಸಿಟ್ಟಿದ್ದ ಹಳೆಯ ಚೀಟಿ ಬಿಚ್ಚಿ ತೋರಿಸಿದಳು. ಹಿಂದಿನ ಡಾಕ್ಟರ ಬರಹ ಅದರಲ್ಲೇ ಇತ್ತು, ಡಾಕ್ಟರಿಗೆ ಬೇಕಾದದ್ದೂ ಅದೇ. ಹುಡುಗ ಅದನ್ನು ನೋಡಲಿಲ್ಲ. ಸಾಲು ಮುಂದಕ್ಕೆ ಹೋಯಿತು, ಆಕೆ ಗೋಡೆಗೆ ಒರಗಿ ನಿಂತಳು. ಹುಡುಗನನ್ನು ಬೈಯಲಾರೆ, ದಿನಕ್ಕಿಷ್ಟು ಆಭಾ ಆಗಬೇಕೆಂದು ಅವನ ತಲೆಯ ಮೇಲೂ ಯಾರೋ ಕೂತಿದ್ದಾರೆ. ಆದರೆ ಇಲ್ಲಿ ಇನ್ನೊಂದು ಸಂಗತಿಯಿದೆ. ಓಟಿಪಿ ಹೋಗುವ ಫೋನಿಗೇ ಸಂದೇಶಗಳೂ ಹೋಗುತ್ತವೆ. ಫೋನಿಲ್ಲದ ಹೆಂಗಸರ ಆರೋಗ್ಯ ದಾಖಲೆಯ ಬೀಗದ ಕೈ ಮನೆಯ ಗಂಡಸಿನ ಜೇಬಿನಲ್ಲಿರುತ್ತದೆ. ಗಂಡನಿಗೆ ಹೇಳದೆ ಗರ್ಭನಿರೋಧಕಕ್ಕೆ ಬಂದವಳ, ಅತ್ತೆಗೆ ತಿಳಿಯದಂತೆ ಮನೋವೈದ್ಯರನ್ನು ಕಾಣಲು ಬಂದವಳ ಗುಟ್ಟಿಗೆ ಏನು ಗತಿ ಎಂದು ಈ ವ್ಯವಸ್ಥೆ ಕಟ್ಟಿದ ಜಾಣರಲ್ಲಿ ಒಬ್ಬರಾದರೂ ಯೋಚಿಸಿದ್ದರೇ?

ಸ್ವಯಂಪ್ರೇರಣೆಯ ಇನ್ನೊಂದು ಮಾದರಿ ನಿಮ್ಮ ಮನೆಯಲ್ಲೇ ಇರಬಹುದು. ಕೋವಿಡ್ ಲಸಿಕೆಗೆ ಆಧಾರ್ ತೋರಿಸಿದ್ದರೆ ಆ ಪ್ರಮಾಣಪತ್ರ ತೆಗೆದು ನೋಡಿ. ಯೂಎಚ್‌ಐಡಿ ಎಂಬ ಸಂಖ್ಯೆ ಎಷ್ಟೋ ಜನರ ಪತ್ರದಲ್ಲಿ ಕೂತಿದೆ. ತೋಳಿಗೆ ಸೂಜಿ ಚುಚ್ಚಿಸಿಕೊಳ್ಳಲು ಹೋದವರು ಆರೋಗ್ಯ ಗುರುತಿನ ಸಂಖ್ಯೆ ಮಾಡಿಸಿಕೊಂಡು ಬಂದರು, ತಮಗೇ ತಿಳಿಯದೆ. ಆರೋಗ್ಯ ಸೇತುವಿನದೂ ಇದೇ ದಾರಿ. 2020ರ ಏಪ್ರಿಲ್ 2ರಂದು ಸೋಂಕಿತರ ಸಂಪರ್ಕ ಪತ್ತೆಗೆ ಎಂದು ಬಂದ ಆ್ಯಪ್ ಮೊದಲು ಐಚ್ಛಿಕ; ಮೇ 1ರ ಗೃಹ ಸಚಿವಾಲಯದ ಆದೇಶದಲ್ಲಿ ಎಲ್ಲ ನೌಕರರಿಗೆ ಕಡ್ಡಾಯ; ನೋಯ್ಡಾದಲ್ಲಂತೂ ಫೋನಿನಲ್ಲಿ ಅದಿಲ್ಲದಿದ್ದರೆ ಪೊಲೀಸರು ಕೇಸು ಹಾಕುತ್ತೇವೆಂದರು. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ? ನಮ್ಮ ಹೈಕೋರ್ಟು ಅಡ್ಡ ನಿಂತದ್ದನ್ನು ಇಲ್ಲಿ ಹೇಳಲೇಬೇಕು: ಕಾನೂನಿನ ಬಲವಿಲ್ಲದೆ ಈ ಆ್ಯಪ್ ಇಲ್ಲವೆಂದು ಯಾರಿಗೂ ಸೇವೆ ನಿರಾಕರಿಸುವಂತಿಲ್ಲ ಎಂದಿತು, 2021ರ ಜನವರಿಯಲ್ಲಿ, ಬಳಕೆದಾರರ ತಿಳಿದ ಒಪ್ಪಿಗೆಯಿಲ್ಲದೆ ಅವರ ಆರೋಗ್ಯ ಮಾಹಿತಿಯನ್ನು ಬೇರೆಯವರಿಗೆ ಕೊಡದಂತೆ ತಡೆಯಾಜ್ಞೆ ಕೊಟ್ಟಿತು. ಸೋಂಕು ಹೋದ ಮೇಲೆ ಆ್ಯಪ್ ಹೋಯಿತೇ? ಹೋಗಲಿಲ್ಲ. ಆಭಾ ಸಂಖ್ಯೆ ಮಾಡಿಸುವ ಬಾಗಿಲಾಗಿ ಮರುಹುಟ್ಟು ಪಡೆಯಿತು.

ಈಗ ಕಳ್ಳ ಬಿಲ್ಲಿನ ವಾದ. ಇದೇ ಅವರ ಬ್ರಹ್ಮಾಸ್ತ್ರ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಆಯುಷ್ಮಾನ್ ಭಾರತ್ ಯೋಜನೆಯ ಬಗ್ಗೆ ಮಹಾಲೇಖಪಾಲರ ವರದಿ 2023ರ ಆಗಸ್ಟ್‌ನಲ್ಲಿ ಸಂಸತ್ತಿನ ಮುಂದೆ ಬಂತು. ಸುಮಾರು ಏಳೂವರೆ ಲಕ್ಷ ಫಲಾನುಭವಿಗಳ ಹೆಸರಿನೆದುರು ಒಂದೇ ಮೊಬೈಲ್ ನಂಬರ್: ಹತ್ತು ಒಂಬತ್ತುಗಳು. ಸತ್ತರೆಂದು ಅದೇ ಕಂಪ್ಯೂಟರಿನಲ್ಲಿ ದಾಖಲಾದ ರೋಗಿಗಳ ಹೆಸರಿನಲ್ಲಿ ಮತ್ತೆ ಚಿಕಿತ್ಸೆ, ಮತ್ತೆ ಹಣ ಪಾವತಿ. ಅರ್ಹತೆ ನಿರ್ಧರಿಸಲು ಮೊಬೈಲ್ ನಂಬರ್ ಬಳಸುವುದಿಲ್ಲ ಎಂದು ಸರ್ಕಾರ ಸಮಜಾಯಿಷಿ ಕೊಟ್ಟಿತು. ಆಗಲಿ, ಒಪ್ಪೋಣ. ಆದರೆ ಸತ್ತವರು? ಬಡವನ ಹೆಬ್ಬೆಟ್ಟು ಸವೆದು ಯಂತ್ರಕ್ಕೆ ಹಿಡಿಯದಿದ್ದರೆ ಅವನನ್ನು ವಾಪಸು ಕಳಿಸುವಷ್ಟು ಎಚ್ಚರವಾಗಿರುವ ವ್ಯವಸ್ಥೆಗೆ ಹೆಣ ಎದ್ದು ಬಂದು ಆಪರೇಷನ್ ಮಾಡಿಸಿಕೊಂಡದ್ದು ಕಾಣಲಿಲ್ಲವೇ? ಕಾಣಲಿಲ್ಲ, ಏಕೆಂದರೆ ಅದರ ಕಣ್ಣು ತಿರುಗಿರುವುದೇ ತಪ್ಪು ದಿಕ್ಕಿಗೆ. ವಿಮೆಯಲ್ಲಿ ದೊಡ್ಡ ಕಳ್ಳತನ ಮಾಡುವವನು ರೋಗಿಯಲ್ಲ. ಸುಳ್ಳು ಕಾಯಿಲೆ ಹೇಳಿಕೊಂಡು ಹೊಟ್ಟೆ ಕೊಯ್ಯಿಸಿಕೊಳ್ಳಲು ಯಾವ ಕೂಲಿಯವನೂ ಬರುವುದಿಲ್ಲ. ಮಾಡದ ಪರೀಕ್ಷೆಗೆ ಬಿಲ್ಲು ಹಾಕುವುದು, ಜನರಲ್ ವಾರ್ಡಿನಲ್ಲಿ ಮಲಗಿಸಿ ಐಸಿಯು ಎಂದು ಬರೆಯುವುದು ಆಸ್ಪತ್ರೆ ಕಡೆಯ ಕೆಲಸ. ಅದನ್ನು ಹಿಡಿಯಬೇಕಾದರೆ ಆಸ್ಪತ್ರೆಯ ಲೆಕ್ಕ ತಪಾಸಣೆಯಾಗಬೇಕು, ವಾರ್ಡಿಗೆ ಹೋಗಿ ಮಂಚ ಎಣಿಸುವ ಅಧಿಕಾರಿ ಬೇಕು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರನ್ನು ಬಿಟ್ಟು, ಚಾಪೆಯ ಮೇಲೆ ಮಲಗಿದ ರೋಗಿಯ ಬೆರಳು ಹಿಡಿದುಕೊಂಡು ಕೂತಿದ್ದಾರೆ.

ಹೆಣ್ಣು ಭ್ರೂಣಹತ್ಯೆ ತಡೆಯಲು ಪ್ರತಿ ಗರ್ಭಿಣಿಯ ಮೇಲೂ ಡಿಜಿಟಲ್ ಕಣ್ಣು ಬೇಕು ಎಂಬ ವಾದವೂ ಇದೆ. 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ನಡೆಸುತ್ತಿದ್ದ ದಂಧೆ ಬಯಲಾದದ್ದು ಹೇಗೆ? ಬೈಯಪ್ಪನಹಳ್ಳಿ ಪೊಲೀಸರು ಅನುಮಾನ ಬಂದ ಒಂದು ಕಾರನ್ನು ತಡೆದು ಒಳಗಿದ್ದವರನ್ನು ಪ್ರಶ್ನಿಸಿದ್ದರಿಂದ. ಯಾವ ಪೋರ್ಟಲೂ ಕೂಗಿ ಹೇಳಲಿಲ್ಲ. ಬೆಲ್ಲ ಕಾಯಿಸುವ ಜಾಗದಲ್ಲಿ ಗರ್ಭ ಸ್ಕ್ಯಾನ್ ಮಾಡುವವನು ಪೋರ್ಟಲಿನಲ್ಲಿ ನೋಂದಾಯಿಸಿಕೊಳ್ಳುತ್ತಾನೆಯೇ?

“ಮುಚ್ಚಿಡಲು ಏನಿದೆ?” ಅನ್ನುವವರಿಗೆ 1998ರ ಒಂದು ಪ್ರಕರಣ ನೆನಪಿಸಬೇಕು. ಎಚ್‌ಐವಿ ಇದೆ ಎಂಬ ಸಂಗತಿ ಆಸ್ಪತ್ರೆಯಿಂದ ಹೊರಬಿದ್ದು ಮದುವೆ ಮುರಿದು, ಊರಿಂದಲೇ ದೂರವಾಗಬೇಕಾದ ವ್ಯಕ್ತಿಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ಕಾನೂನು ವರದಿಗಳಲ್ಲಿ ಅವರ ಹೆಸರು “ಮಿಸ್ಟರ್ ಎಕ್ಸ್”. ಮದುವೆಯಾಗಲಿದ್ದ ಹೆಣ್ಣಿನ ಹಿತ ಮುಖ್ಯ ಎಂದು ನ್ಯಾಯಾಲಯ ಅವರ ವಾದ ಒಪ್ಪಲಿಲ್ಲ, ಅದರಲ್ಲಿ ನ್ಯಾಯವೂ ಇದ್ದಿರಬಹುದು. ಆದರೆ ಕಾಯಿಲೆಯ ಹೆಸರೊಂದು ಹೊರಬಿದ್ದರೆ ಮನುಷ್ಯನ ಬಾಳು ಹೇಗೆ ಕಳಚಿಬೀಳುತ್ತದೆಂದು ಆ ಪ್ರಕರಣ ತೋರಿಸಿತು. ಆಮೇಲೆ 2017ರಲ್ಲಿ ಎಚ್‌ಐವಿ ಪೀಡಿತರ ಗುಟ್ಟು ಕಾಯುವ ಪ್ರತ್ಯೇಕ ಕಾಯಿದೆಯೇ ಬಂತು. ಒಂದು ಕಾಯಿಲೆಯ ಗುಟ್ಟಿಗೆ ಸಂಸತ್ತು ಕಾಯಿದೆ ಮಾಡಿತು. ಉಳಿದ ಎಷ್ಟೋ ಕಾಯಿಲೆಗಳ ಗುಟ್ಟನ್ನು ಓಟಿಪಿಗೆ ಬಿಟ್ಟಿತು. ಕ್ಷಯ, ಮೂರ್ಛೆರೋಗ, ಬಂಜೆತನ, ಗರ್ಭಪಾತ, ಖಿನ್ನತೆ: ಇವು ಯಾವುವೂ ತಪ್ಪಲ್ಲ, ಆದರೂ ನಮ್ಮ ಊರುಗಳಲ್ಲಿ ಇವುಗಳಲ್ಲಿ ಯಾವುದನ್ನು ಮೈಕಿನಲ್ಲಿ ಹೇಳಿ ಬದುಕಬಹುದು? ಹೆಣ್ಣು ನೋಡಲು ಬಂದವರು ಕೇಳುತ್ತಾರೆ, ಕೆಲಸ ಕೊಡುವವನು ಕೇಳುತ್ತಾನೆ, ಬಾಡಿಗೆಗೆ ಮನೆ ಕೊಡುವವನೂ ಕೇಳುತ್ತಾನೆ.

2020ರ ಮಾರ್ಚ್ ಮರೆತಿದ್ದೀರಾ? ಮನೆಯಲ್ಲೇ ಪ್ರತ್ಯೇಕವಾಗಿರಬೇಕಾದವರ ಕೈಗೆ ಅಳಿಸದ ಶಾಯಿಯ ಮುದ್ರೆ ಒತ್ತಿದರು. ಅವರ ವಿಳಾಸಗಳ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸಿತು. ಪಟ್ಟಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡಿತು. ಮಾರ್ಚ್ 30ರಂದು ಆಗಿನ ವೈದ್ಯಕೀಯ ಶಿಕ್ಷಣ ಸಚಿವರು, ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕು, ತಪ್ಪಿದರೆ ಸಾಮೂಹಿಕ ಕ್ವಾರಂಟೈನ್‌ಗೆ ಒಯ್ಯುತ್ತೇವೆ ಎಂದು ಆಜ್ಞೆ ಮಾಡಿದರು. ಜ್ವರ ಬಂದವನನ್ನು ಕಳ್ಳನ ಹಾಗೆ ನಡೆಸಿಕೊಂಡದ್ದರಿಂದ ಆದದ್ದೇನು? ಜ್ವರವನ್ನೇ ಮುಚ್ಚಿಡಲು ಜನ ಕಲಿತರು.

ಸಾಂಕ್ರಾಮಿಕ ರೋಗ ಬಂದಾಗ ಸರ್ಕಾರ ಕಣ್ಣು ಮುಚ್ಚಿ ಕೂರಬೇಕೆಂದು ನಾನು ಹೇಳುತ್ತಿಲ್ಲ. ಕಾಲರಾ ಬಂದರೆ ಯಾವ ಬೀದಿಯಲ್ಲಿ ಎಷ್ಟು ಜನರಿಗೆ ಬಂತೆಂದು ತಿಳಿಯಬೇಕು, ಕ್ಷಯ ರೋಗಿಯ ಮನೆಯವರನ್ನು ಪರೀಕ್ಷಿಸಬೇಕು. ಅದಕ್ಕೆ ಕಾನೂನಿದೆ, ಇರಲಿ. ಆದರೆ ಅದಕ್ಕೊಂದು ಕಾರಣವಿರುತ್ತದೆ, ಗಡುವಿರುತ್ತದೆ, ಯಾರು ನೋಡಬಹುದೆಂಬ ಮಿತಿ ಇರುತ್ತದೆ. ಹುಟ್ಟಿನಿಂದ ಸಾವಿನವರೆಗೆ, ಎಲ್ಲ ಕಾಯಿಲೆಗೂ, ಕಾರಣ ಮುಂದೆ ಹುಡುಕಿಕೊಳ್ಳೋಣ ಎಂದು ಈಗಲೇ ಕೂಡಿಟ್ಟುಕೊಳ್ಳುವುದಕ್ಕೆ ರೋಗ ನಿಯಂತ್ರಣದ ಹೆಸರು ಕೊಡಬಾರದು.

ಕೂಡಿಟ್ಟದ್ದನ್ನು ಕಾಯುವ ಯೋಗ್ಯತೆಯಾದರೂ ಇದೆಯೇ? 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್‌ನ ಸರ್ವರುಗಳಿಗೆ ದಾಳಿಕೋರರು ಬೀಗ ಹಾಕಿದರು. ದೇಶದ ಅಗ್ರ ಆಸ್ಪತ್ರೆ ದಿನಗಟ್ಟಲೆ ಕಾಗದ, ಪೆನ್ನು ಹಿಡಿದು ನಡೆಯಿತು. 2023ರ ಜೂನ್‌ನಲ್ಲಿ ಲಸಿಕೆ ಹಾಕಿಸಿಕೊಂಡವರ ವಿವರಗಳನ್ನು ಟೆಲಿಗ್ರಾಂ ಬಾಟ್ ಒಂದು ಕೇಳಿದವರಿಗೆಲ್ಲ ಉಗುಳುತ್ತಿತ್ತು. 2024ರಲ್ಲಿ ಸ್ಟಾರ್ ಹೆಲ್ತ್ ವಿಮಾ ಕಂಪನಿಯ ಗ್ರಾಹಕರ ಮಾಹಿತಿಗೂ ಅದೇ ಗತಿಯಾಯಿತು. ಪಾಸ್‌ವರ್ಡ್ ಕದ್ದರೆ ಬದಲಾಯಿಸಬಹುದು; ಬೆರಳಚ್ಚನ್ನೂ ಕಾಯಿಲೆಯ ಇತಿಹಾಸವನ್ನೂ ಬದಲಾಯಿಸುವುದು ಹೇಗೆ?

“ಗೂಗಲ್‌ಗೆ ಎಲ್ಲ ಕೊಟ್ಟಿದ್ದೀರಿ, ಸರ್ಕಾರಕ್ಕೆ ಕೊಡಲು ಏನು ಕಷ್ಟ?” ಎಂಬ ಕುಹಕಕ್ಕೆ ಹೆಚ್ಚು ಜಾಗ ಕೊಡುವುದಿಲ್ಲ. ಗೂಗಲ್ ನನ್ನನ್ನು ಜೈಲಿಗೆ ಹಾಕಲಾರದು, ನನ್ನ ರೇಷನ್ ಕಾರ್ಡ್ ರದ್ದು ಮಾಡಲಾರದು.

ಕಾನೂನು ನಮ್ಮನ್ನು ಕಾಯುತ್ತದೆ ಎನ್ನುವವರು 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ ಓದಲಿ. ಖಾಸಗಿ ಕಂಪನಿ ತಪ್ಪಿದರೆ 250 ಕೋಟಿವರೆಗೆ ದಂಡ. ಸರ್ಕಾರಕ್ಕೋ? ಸಹಾಯಧನ, ಸವಲತ್ತು ಕೊಡುವುದಕ್ಕಾಗಿ ಹೊಸದಾಗಿ ಒಪ್ಪಿಗೆ ಕೇಳದೆಯೂ ಮಾಹಿತಿ ಬಳಸಬಹುದೆಂದು 7ನೇ ಸೆಕ್ಷನ್. ಅಧಿಸೂಚನೆ ಹೊರಡಿಸಿ ತನ್ನ ಯಾವುದೇ ಸಂಸ್ಥೆಯನ್ನು ಕಾಯಿದೆಯ ಹೊರಗೇ ಇಡಬಹುದೆಂದು 17ನೇ ಸೆಕ್ಷನ್. ಅದೇ ಕಾಯಿದೆ ಮಾಹಿತಿ ಹಕ್ಕನ್ನು ಬೇರೆ ಮೊಟಕುಗೊಳಿಸಿತು. ನಾವು ಸರ್ಕಾರವನ್ನು ನೋಡುವ ಕಿಟಕಿ ಕಿರಿದಾಯಿತು, ಸರ್ಕಾರ ನಮ್ಮನ್ನು ನೋಡುವ ಕಿಟಕಿ ಅಗಲವಾಯಿತು.

ಕೊನೆಗೆ ಉಳಿಯುವುದು ತೀರ ಹಳೆಯ ಮಾತು: ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಜುಟ್ಟಿಗೆ ಮಲ್ಲಿಗೆ ಯಾಕೆ? ಖಾಸಗಿತನ ಉಳ್ಳವರ ಶೋಕಿ ಎಂದು ಸುಪ್ರೀಂ ಕೋರ್ಟಿನ ಮುಂದೆಯೂ ವಾದಿಸಿದರು. 2017ರ ಮೇ ತಿಂಗಳಲ್ಲಿ ಆಗಿನ ಅಟಾರ್ನಿ ಜನರಲ್, ಪ್ರಜೆಗೆ ತನ್ನ ದೇಹದ ಮೇಲೆ ಸಂಪೂರ್ಣ ಹಕ್ಕಿದೆ ಅನ್ನುವುದೇ ಮಿಥ್ಯೆ ಎಂದರು. ಈ ಹಕ್ಕನ್ನು ಮೊದಲು ಕೇಳಿದವರು ಎಂಥವರೆಂದು ಶೋಕಿಯ ಮಾತಾಡುವವರು ತಿಳಿಯಬೇಕು. ಈ ದೇಶದಲ್ಲಿ ಖಾಸಗಿತನದ ಹಕ್ಕು ಕೇಳಿ ಮೊದಮೊದಲು ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲಿ ಒಬ್ಬ ಉತ್ತರಪ್ರದೇಶದ ಖರಕ್ ಸಿಂಗ್. ಡಕಾಯಿತಿ ಆರೋಪದಿಂದ ಬಿಡುಗಡೆಯಾಗಿದ್ದರೂ ಪೊಲೀಸರು ಅವನ ಹೆಸರಲ್ಲಿ ಕಡತ ತೆರೆದರು. ರಾತ್ರಿ ಹೊತ್ತು ಬಂದು ಬಾಗಿಲು ಬಡಿಯುವರು, ಎಬ್ಬಿಸಿ ಎಲ್ಲಿಗೆ ಹೋಗಿದ್ದೆ ಎಂದು ಕೇಳುವರು. ಅವನಿಗೆ ಬೇಕಾಗಿದ್ದದ್ದು ಮಲ್ಲಿಗೆಯಲ್ಲ, ನಿದ್ದೆ. 1962ರಲ್ಲಿ ನ್ಯಾಯಾಲಯ ರಾತ್ರಿ ಬಾಗಿಲು ಬಡಿಯುವುದನ್ನು ನಿಲ್ಲಿಸಿತು, ಖಾಸಗಿತನ ಮೂಲಭೂತ ಹಕ್ಕು ಎಂದು ಒಪ್ಪಲಿಲ್ಲ. ಹೌದು ಎಂದು ಭಿನ್ನಮತ ಬರೆದವರು ನ್ಯಾಯಮೂರ್ತಿ ಸುಬ್ಬರಾವ್. ಅವರ ಮಾತು ಗೆಲ್ಲಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಗೆಲ್ಲಿಸಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿ. 2012ರಲ್ಲಿ ಆಧಾರ್ ಪ್ರಶ್ನಿಸಿ ಅವರು ದೆಹಲಿಗೆ ಹೋದಾಗ ವಯಸ್ಸು ಎಂಬತ್ತಾರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು, ಬಡವರಿಗೆ ಹಕ್ಕು ಬೇಡ ಅನ್ನ ಸಾಕು ಎಂಬ ವಾದವನ್ನು ತಳ್ಳಿಹಾಕಿದರು. ಮರುವರ್ಷ ಐವರ ಪೀಠ ಆಧಾರ್ ಕಾಯಿದೆಯ ಬಹುಭಾಗವನ್ನು ಎತ್ತಿಹಿಡಿದಾಗ ಹಕ್ಕಿನ ಹೆಸರು ಉಳಿಯಿತು, ಸವಲತ್ತು ಬೇಕಾದವನಿಗೆ ಹಕ್ಕು ಇಲ್ಲವಾಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರು ಗೆದ್ದುಕೊಟ್ಟ ಹಕ್ಕು ಇವತ್ತು ಕಾಸಿದ್ದವರದ್ದು: ದುಡ್ಡು ಕೊಟ್ಟು ಖಾಸಗಿ ಕ್ಲಿನಿಕ್ಕಿಗೆ ಹೋಗಬಲ್ಲವನ ಗುಟ್ಟು ಡಾಕ್ಟರ ಮೇಜಿನಲ್ಲೇ ಉಳಿಯುತ್ತದೆ, ಬಿಪಿಎಲ್ ಕಾರ್ಡಿನವನ ಗುಟ್ಟು ಪೋರ್ಟಲಿಗೆ ಹೋಗುತ್ತದೆ. ಖಾಸಗಿತನವನ್ನು ಶೋಕಿ ಮಾಡಿದವರು ಯಾರು ಹಾಗಾದರೆ?

ಬೇಕಾದದ್ದು ಬಹಳ ದೊಡ್ಡದೇನಲ್ಲ. ವಂತಿಗೆ, ತೆರಿಗೆ ಕಡ್ಡಾಯವಾಗಿಯೇ ಇರಲಿ. ಉಳ್ಳವರಿಂದ ಇನ್ನೂ ಹೆಚ್ಚು ತೆಗೆದುಕೊಳ್ಳಿ. ಯೋಜನೆಗೆ ಅರ್ಹನೋ ಅಲ್ಲವೋ ಎಂದು ನೋಡಲು ರೇಷನ್ ಕಾರ್ಡು, ಮತದಾರರ ಚೀಟಿ, ಪಂಚಾಯ್ತಿಯ ಪತ್ರ, ಯಾವುದಾದರೂ ಒಂದು ಸಾಕು. ಅರ್ಹತೆಯ ಕಡತವನ್ನೂ ಕಾಯಿಲೆಯ ಕಡತವನ್ನೂ ಒಂದೇ ಸಂಖ್ಯೆಗೆ ಕಟ್ಟಬೇಡಿ. ರೋಗಿಯ ದಾಖಲೆ ರೋಗಿಯ ಕೈಯಲ್ಲಿ, ಚಿಕಿತ್ಸೆ ಕೊಟ್ಟ ಆಸ್ಪತ್ರೆಯಲ್ಲಿ ಇರಲಿ. ಲೆಕ್ಕ ತಪಾಸಣೆ ಆಸ್ಪತ್ರೆಗಳ ಮೇಲೆ ಬೀಳಲಿ. ಕಾರ್ಡ್ ಇಲ್ಲವೆಂದು ರೋಗಿಯನ್ನು ವಾಪಸು ಕಳಿಸುವುದನ್ನು ಅಪರಾಧ ಎಂದು ಕರ್ನಾಟಕದ ವಿಧಾನಮಂಡಲ ಕಾಯಿದೆ ಮಾಡಲಿ, ಮತ್ತು ಆ ಕಾಯಿದೆ ದಾದಿಯನ್ನಷ್ಟೇ ಅಲ್ಲದೆ ಟಾರ್ಗೆಟ್ ಹಾಕಿದ ಅಧಿಕಾರಿಯನ್ನೂ ಮುಟ್ಟಲಿ.

ಅಲ್ಲಿಯವರೆಗೆ ಓದುಗರು ಒಂದು ಕೆಲಸ ಮಾಡಬಹುದು. ಆಸ್ಪತ್ರೆಯ ಕೌಂಟರಿನಲ್ಲಿ ಆಭಾ ಕೇಳಿದರೆ, ಇದು ಕಡ್ಡಾಯವೇ ಎಂದು ಜೋರಾಗಿ ಕೇಳಿ, ಕಡ್ಡಾಯ ಅಂದರೆ ಬರೆದುಕೊಡಿ ಅನ್ನಿ. ಯಾರೂ ಬರೆದುಕೊಡಲಾರರು, ಏಕೆಂದರೆ ಸರ್ಕಾರದ್ದೇ ನಿಯಮದ ಪ್ರಕಾರ ಅದು ಐಚ್ಛಿಕ. ಈಗಾಗಲೇ ಮಾಡಿಸಿದ್ದರೆ ಅಳಿಸಿಹಾಕುವ ಅವಕಾಶವೂ ಆ ನಿಯಮದಲ್ಲೇ ಇದೆ. ನಿಮ್ಮ ಹಿಂದೆ ಸಾಲಿನಲ್ಲಿ ನಿಂತಿರುವವರಿಗೆ ಅದು ಗೊತ್ತಿರಲಾರದು; ಅವರಿಗೂ ಕೇಳಿಸುವ ಹಾಗೆ ಹೇಳಿ.